ಥಡಿಯಸ್ ಸ್ಟೀವನ್ಸ್ (1792–1868)

ಥಡಿಯಸ್ ಸ್ಟೀವನ್ಸ್ ಅಮೆರಿಕದ ಹೆಸರಾಂತ ವಕೀಲರು ಹಾಗೂ ರಾಜಕಾರಣಿ. ಬಡ ಮಕ್ಕಳ ಶಾಲೆಗಾಗಿ ಮತ್ತು ಕಪ್ಪು ಜನರ ಸಮಾನ ಹಕ್ಕಿಗಾಗಿ ಹೋರಾಡಿದವರು.

ಬಾಲ್ಯ
1792ರ ಏಪ್ರಿಲ್ 4ರಂದು ವರ್ಮಾಂಟ್ ರಾಜ್ಯದ ಡ್ಯಾನ್‌ವಿಲ್‌ನಲ್ಲಿ ಬಡ ಕುಟುಂಬವೊಂದರಲ್ಲಿ ಜನಿಸಿದರು. ಹುಟ್ಟಿನಿಂದಲೇ ಒಂದು ಪಾದ ಸೊಟ್ಟಗಿತ್ತು. ತಂದೆ ಮನೆ ಬಿಟ್ಟು ಹೋದ ಮೇಲೆ ತಾಯಿಯೇ ದುಡಿದು ನಾಲ್ವರು ಗಂಡುಮಕ್ಕಳನ್ನು ಸಾಕಿದರು. ಮಕ್ಕಳ ಓದಿಗೆಂದೇ ಶಾಲೆಯಿದ್ದ ಪೀಚಮ್ ಊರಿಗೆ ಬಂದು ನೆಲೆಸಿದರು. ಸ್ಟೀವನ್ಸ್ 1814ರಲ್ಲಿ ಡಾರ್ಟ್‌ಮತ್ ಕಾಲೇಜಿನಿಂದ ಪದವಿ ಪಡೆದರು.

ವಕೀಲಿ ವೃತ್ತಿ
1816ರಲ್ಲಿ ಪೆನ್ಸಿಲ್ವೇನಿಯಾದ ಗೆಟ್ಟಿಸ್‌ಬರ್ಗ್‌ನಲ್ಲಿ ವಕೀಲಿ ಆರಂಭಿಸಿದರು. 1821ರಲ್ಲಿ ಗುಲಾಮರ ಒಡೆಯನೊಬ್ಬನ ಪರ ವಾದಿಸಿ ಗೆದ್ದರು. ಇದರಿಂದ ಚಾರಿಟಿ ಬಟ್ಲರ್ ಎಂಬ ಮಹಿಳೆ ಮಕ್ಕಳ ಸಮೇತ ಗುಲಾಮಗಿರಿಯಲ್ಲೇ ಉಳಿಯಬೇಕಾಯಿತು. ಮುಂದೆ ಅವರು ಗುಲಾಮಗಿರಿಯ ಕಡು ವಿರೋಧಿಯಾದರು. ತಪ್ಪಿಸಿಕೊಂಡು ಬಂದ ಗುಲಾಮರ ಪರವಾಗಿ ನ್ಯಾಯಾಲಯದಲ್ಲಿ ನಿಂತರು.

ಶಾಲೆಯ ಕಾನೂನು
ಪೆನ್ಸಿಲ್ವೇನಿಯಾದಲ್ಲಿ ಮೊದಲು ತಾವು ಬಡವರೆಂದು ಬರೆಸಿಕೊಂಡವರ ಮಕ್ಕಳಿಗೆ ಮಾತ್ರ ಸರ್ಕಾರ ಶುಲ್ಕ ಕೊಡುತ್ತಿತ್ತು. ಎಲ್ಲ ಮಕ್ಕಳಿಗೂ ಉಚಿತ ಶಾಲೆ ಎಂಬ ಕಾನೂನು ಬಂದದ್ದು 1834ರಲ್ಲಿ. ತೆರಿಗೆಯ ಹೊರೆ ಬೀಳುತ್ತದೆಂದು ಹಲವರು ಇದನ್ನು ವಿರೋಧಿಸಿದರು. ತಮ್ಮ ಭಾಷೆ, ತಮ್ಮ ಚರ್ಚಿನ ಶಾಲೆಗಳಿಗೆ ಕುತ್ತು ಬರುತ್ತದೆಂದು ಜರ್ಮನ್ ಮಾತಾಡುವ ರೈತರಲ್ಲೂ ಆತಂಕವಿತ್ತು. ಮರುವರ್ಷ ಮೇಲ್ಮನೆ ಕಾನೂನನ್ನು ರದ್ದುಮಾಡಲು ಒಪ್ಪಿತು. 1835ರ ಏಪ್ರಿಲ್ 11ರಂದು ಕೆಳಮನೆಯಲ್ಲಿ ಸ್ಟೀವನ್ಸ್ ಮಾಡಿದ ಭಾಷಣ ಗಾಳಿಯ ದಿಕ್ಕನ್ನೇ ಬದಲಿಸಿತು. ಬಡವರನ್ನು ಪಟ್ಟಿಮಾಡಿ ಬೇರೆ ಇಡುವುದು ಅವರಿಗೆ ಮಾಡುವ ಅವಮಾನ ಎಂಬುದು ಅವರ ವಾದವಾಗಿತ್ತು. ಕಾನೂನು ಉಳಿಯಿತು.

ಬಿಳಿಯರಿಗೆ ಮಾತ್ರ ಮತದಾನದ ಹಕ್ಕು ಕೊಟ್ಟ ರಾಜ್ಯದ ಹೊಸ ಸಂವಿಧಾನಕ್ಕೆ 1838ರಲ್ಲಿ ಅವರು ಸಹಿ ಹಾಕಲಿಲ್ಲ.

ಸಂಸತ್ತಿನಲ್ಲಿ
1849–53 ಮತ್ತು 1859–68ರ ಅವಧಿಯಲ್ಲಿ ಅಮೆರಿಕದ ಸಂಸತ್ತಿನ ಕೆಳಮನೆಯ ಸದಸ್ಯರಾಗಿದ್ದರು. ಅಂತರ್ಯುದ್ಧ ನಡೆದಾಗ ಹಣಕಾಸಿನ ಸಮಿತಿಯ ಅಧ್ಯಕ್ಷರಾಗಿದ್ದರು. 1863ರಲ್ಲಿ ದಕ್ಷಿಣದ ಸೈನಿಕರು ಅವರ ಕಬ್ಬಿಣದ ಕಾರ್ಖಾನೆಯನ್ನು ಸುಟ್ಟುಹಾಕಿದರು. ಗುಲಾಮಗಿರಿ ಅಳಿಸಿದ 13ನೇ ತಿದ್ದುಪಡಿ (1865), ಕಾನೂನಿನ ಸಮಾನ ರಕ್ಷಣೆ ನೀಡಿದ 14ನೇ ತಿದ್ದುಪಡಿ (1868) ಇವೆರಡಕ್ಕೂ ದುಡಿದವರಲ್ಲಿ ಅವರು ಪ್ರಮುಖರು.

ದೊಡ್ಡ ಜಮೀನ್ದಾರರ ಭೂಮಿ ಕಿತ್ತು ಬಿಡುಗಡೆಯಾದ ಗುಲಾಮರ ಕುಟುಂಬಗಳಿಗೆ ತಲಾ 40 ಎಕರೆ ಹಂಚಬೇಕೆಂಬ ಅವರ ಯೋಜನೆ ಮಾತ್ರ ಕೈಗೂಡಲಿಲ್ಲ. ಜಮೀನಿಲ್ಲದ ಆ ಜನ ಹಳೆಯ ಒಡೆಯರ ಹೊಲದಲ್ಲೇ ಪಾಲಿಗೆ ದುಡಿಯಬೇಕಾಯಿತು. 1868ರಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್‌ರನ್ನು ಪದಚ್ಯುತಗೊಳಿಸುವ ಯತ್ನವೂ ಒಂದೇ ಮತದ ಕೊರತೆಯಿಂದ ವಿಫಲವಾಯಿತು.

ನಿಧನ
1868ರ ಆಗಸ್ಟ್ 11ರಂದು ವಾಷಿಂಗ್ಟನ್‌ನಲ್ಲಿ ನಿಧನರಾದರು. ಬಣ್ಣದ ಭೇದವಿಲ್ಲದ ಸ್ಮಶಾನದಲ್ಲೇ ತಮ್ಮನ್ನು ಹೂಳಬೇಕೆಂಬುದು ಅವರ ಇಚ್ಛೆಯಾಗಿತ್ತು. ಅದರಂತೆ ಲ್ಯಾಂಕಾಸ್ಟರ್ ಊರಿನ ಸಣ್ಣ ಸ್ಮಶಾನವೊಂದರಲ್ಲಿ ಅವರ ಸಮಾಧಿಯಿದೆ. ಅನಾಥ ಮಕ್ಕಳ ಓದಿಗೆಂದು ಅವರು ಬಿಟ್ಟುಹೋದ ಹಣದಿಂದ ಹುಟ್ಟಿದ ಸಂಸ್ಥೆ ಇಂದು ಅದೇ ಊರಿನಲ್ಲಿ ಅವರ ಹೆಸರಿನ ತಾಂತ್ರಿಕ ಕಾಲೇಜಾಗಿದೆ. ಕಪ್ಪು ಮಕ್ಕಳನ್ನು ಬೇರೆ ಶಾಲೆಯಲ್ಲಿ ಕೂರಿಸುವುದು ತಪ್ಪೆಂದು 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 14ನೇ ತಿದ್ದುಪಡಿಯ ಆಧಾರದ ಮೇಲೆಯೇ.