ಒಂದು ಹೆಸರು, ಎರಡು ತಂಡ



ಇತಿಹಾಸವೆಂದರೆ ರಾಜರು, ಯುದ್ಧಗಳು, ಶಾಸನಗಳು ಎಂದಷ್ಟೇ ಭಾವಿಸಬೇಡಿ. ಸುಮಾರು ಐವತ್ತು ವರ್ಷಗಳ ಹಿಂದೆ ನಡೆದ, ಪತ್ರಿಕೆಗಳಲ್ಲಿ ವರದಿಯಾದ, ನ್ಯಾಯಾಲಯದ ಮೆಟ್ಟಿಲನ್ನೂ ಏರಿದ ಘಟನೆಯೊಂದು ಇಂದಿಗೂ ವಿವಾದವಾಗಿಯೇ ಉಳಿದಿರಬಹುದು. ಅಂಥ ವಿವಾದವನ್ನು ಬಿಡಿಸುವುದು ಹೇಗೆ? ಫ್ಲೀಟ್‌ವುಡ್ ಮ್ಯಾಕ್ ಎಂಬ ಬ್ರಿಟಿಷ್ ಬ್ಲೂಸ್ ರಾಕ್ ತಂಡದ ಕಥೆಯನ್ನು ಉದಾಹರಣೆಯಾಗಿ ನೋಡೋಣ.

ಬ್ಲೂಸ್ ಎಂಬುದು ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಜನರ ಬದುಕಿನಿಂದ ಹುಟ್ಟಿದ ಸಂಗೀತ. 1960ರ ದಶಕದಲ್ಲಿ ಇಂಗ್ಲೆಂಡಿನ ತರುಣರು ಆ ಸಂಗೀತದ ಗ್ರಾಮಫೋನ್ ತಟ್ಟೆಗಳನ್ನು ಕೇಳಿ ಕೇಳಿ ಅದನ್ನು ಕಲಿತರು. ಜಾನ್ ಮೇಯಲ್ ಎಂಬುವರ ಬ್ಲೂಸ್‌ಬ್ರೇಕರ್ಸ್ ತಂಡ ಇಂಥ ತರುಣರಿಗೆ ಒಂದು ಗುರುಕುಲದಂತಿತ್ತು. ಅಲ್ಲಿ ಗಿಟಾರ್ ನುಡಿಸುತ್ತಿದ್ದ ಪೀಟರ್ ಗ್ರೀನ್, ತನ್ನ ಜೊತೆಗಾರರಾದ ಡ್ರಮ್ ವಾದಕ ಮಿಕ್ ಫ್ಲೀಟ್‌ವುಡ್ ಮತ್ತು ಬಾಸ್ ಗಿಟಾರ್ ವಾದಕ ಜಾನ್ ಮ್ಯಾಕ್‌ವೀ ಅವರೊಡನೆ ಒಂದು ವಾದ್ಯಸಂಗೀತವನ್ನು ಧ್ವನಿಮುದ್ರಿಸಿದ. ಅದಕ್ಕೆ ಅವರಿಬ್ಬರ ಹೆಸರನ್ನೇ ಜೋಡಿಸಿ ‘ಫ್ಲೀಟ್‌ವುಡ್ ಮ್ಯಾಕ್’ ಎಂದು ಕರೆದ. 1967ರಲ್ಲಿ ತಾನೇ ಹೊಸ ತಂಡ ಕಟ್ಟಿದಾಗಲೂ ಅದೇ ಹೆಸರನ್ನಿಟ್ಟ.

ಇಲ್ಲಿಯೇ ಮೊದಲ ಗೊಂದಲ. ತಂಡದ ಹೆಸರಿನಲ್ಲಿ ಮ್ಯಾಕ್‌ವೀ ಇದ್ದಾರಲ್ಲವೇ? ಹಾಗಾದರೆ ಅವರು ಮೊದಲ ದಿನದಿಂದಲೂ ಇದ್ದರೆಂದು ಯಾರಾದರೂ ಹೇಳುತ್ತಾರೆ. ಆದರೆ 1967ರ ಆಗಸ್ಟ್ 13ರಂದು ವಿಂಡ್ಸರ್ ಉತ್ಸವದಲ್ಲಿ ತಂಡ ಮೊದಲ ಬಾರಿಗೆ ವೇದಿಕೆ ಏರಿದಾಗ ಬಾಸ್ ನುಡಿಸಿದವರು ಬಾಬ್ ಬ್ರನ್ನಿಂಗ್. ಮೇಯಲ್ ಅವರ ತಂಡದಲ್ಲಿ ನಿಗದಿತ ಸಂಬಳವಿದ್ದುದರಿಂದ ಮ್ಯಾಕ್‌ವೀ ಹಿಂಜರಿದಿದ್ದರು. ಕೆಲವೇ ವಾರಗಳಲ್ಲಿ ಅವರು ಬಂದರು, ಬ್ರನ್ನಿಂಗ್ ಹೊರಟರು. 1968ರಲ್ಲಿ ಹೊರಬಂದ ಮೊದಲ ಆಲ್ಬಮ್ಮಿನ ಒಂದು ಹಾಡಿನಲ್ಲಿ ಬ್ರನ್ನಿಂಗ್ ಅವರ ವಾದನ ಇಂದಿಗೂ ಕೇಳಸಿಗುತ್ತದೆ. ಹೆಸರು ಒಂದು ಹೇಳಿದರೆ ಧ್ವನಿಮುದ್ರಣ ಇನ್ನೊಂದು ಹೇಳುತ್ತದೆ.

ಎರಡನೆಯ ಗೊಂದಲ ಸುಲಭವಾದದ್ದು. ‘ಬ್ಲ್ಯಾಕ್ ಮ್ಯಾಜಿಕ್ ವುಮನ್’ ಹಾಡು ಸಾಂಟಾನಾ ತಂಡದ್ದೆಂದು ಲಕ್ಷಾಂತರ ಜನ ನಂಬಿದ್ದಾರೆ. ಸಾಂಟಾನಾ ಅದನ್ನು ಜಗತ್ಪ್ರಸಿದ್ಧಗೊಳಿಸಿದ್ದು 1970ರಲ್ಲಿ. ಪೀಟರ್ ಗ್ರೀನ್ ಅದನ್ನು ರಚಿಸಿ, ಫ್ಲೀಟ್‌ವುಡ್ ಮ್ಯಾಕ್ ಹೊರತಂದದ್ದು 1968ರಲ್ಲಿ. ಇಸವಿಗಳನ್ನು ಪಕ್ಕಪಕ್ಕದಲ್ಲಿ ಬರೆದರೆ ವಿವಾದವೇ ಉಳಿಯುವುದಿಲ್ಲ.

ಮೂರನೆಯದು ಮಾತ್ರ ಗಂಭೀರವಾದದ್ದು. ಗ್ರೀನ್ 1970ರಲ್ಲಿ ತಂಡ ಬಿಟ್ಟರು. ಗಿಟಾರ್ ವಾದಕರು ಒಬ್ಬರಾದ ಮೇಲೊಬ್ಬರು ಬಂದುಹೋದರು. 1973ರ ಕೊನೆಯ ಭಾಗದಲ್ಲಿ, ಒಳಜಗಳದಿಂದ ಅಮೆರಿಕ ಪ್ರವಾಸ ಅರ್ಧದಲ್ಲೇ ನಿಂತಿತು. ಆಗ ತಂಡದ ವ್ಯವಸ್ಥಾಪಕ ಕ್ಲಿಫರ್ಡ್ ಡೇವಿಸ್, ಆ ಹೆಸರಿನ ಒಡೆತನ ತನ್ನದೇ ಎಂದು ವಾದಿಸಿದರು. ಎಲ್ಮರ್ ಗ್ಯಾಂಟ್ರಿ, ಕಿರ್ಬಿ ಗ್ರೆಗರಿ ಮೊದಲಾದ ಐವರು ಬೇರೆಯೇ ಸಂಗೀತಗಾರರನ್ನು ಕಲೆಹಾಕಿದರು. 1974ರ ಜನವರಿಯಲ್ಲಿ ಈ ಐವರು ಫ್ಲೀಟ್‌ವುಡ್ ಮ್ಯಾಕ್ ಎಂಬ ಹೆಸರಿನಲ್ಲೇ ಅಮೆರಿಕದ ವೇದಿಕೆಗಳನ್ನೇರಿದರು. ಪರಿಚಿತ ಮುಖ ಒಂದೂ ಕಾಣದೆ ಪ್ರೇಕ್ಷಕರು ಸಿಟ್ಟಾದರು. ಪ್ರವಾಸ ಮುರಿದುಬಿತ್ತು. ಹಳೆಯ ಸದಸ್ಯರಾದ ಮಿಕ್ ಫ್ಲೀಟ್‌ವುಡ್, ಜಾನ್ ಮತ್ತು ಕ್ರಿಸ್ಟೀನ್ ಮ್ಯಾಕ್‌ವೀ, ಬಾಬ್ ವೆಲ್ಚ್ ನ್ಯಾಯಾಲಯಕ್ಕೆ ಹೋದರು. ಕೆಲವು ವರ್ಷಗಳ ಬಳಿಕ ವ್ಯಾಜ್ಯ ನ್ಯಾಯಾಲಯದ ಹೊರಗೆ ರಾಜಿಯಲ್ಲಿ ಮುಗಿಯಿತು.

ಈ ಪ್ರವಾಸವನ್ನು ಸಂಗೀತ ಚರಿತ್ರೆಗಳು ‘ನಕಲಿ ಮ್ಯಾಕ್’ ಪ್ರಕರಣವೆಂದು ಕರೆಯುತ್ತವೆ. ಆದರೆ ಆ ಐವರಲ್ಲಿ ಗ್ಯಾಂಟ್ರಿ ಮತ್ತು ಗ್ರೆಗರಿ ಹೇಳುವ ಕಥೆ ಬೇರೆ: ಮಿಕ್ ಫ್ಲೀಟ್‌ವುಡ್‌ಗೆ ಈ ಯೋಜನೆ ಗೊತ್ತಿತ್ತು, ಮುಂದೆ ಬಂದು ಸೇರಿಕೊಳ್ಳುವುದಾಗಿ ಅವರು ಒಪ್ಪಿದ್ದರು, ಅದನ್ನು ನಂಬಿಯೇ ತಾವು ಹೊರಟದ್ದು. ಫ್ಲೀಟ್‌ವುಡ್ ಇದನ್ನು ನಿರಾಕರಿಸಿದರು. ಗ್ಯಾಂಟ್ರಿ ಮತ್ತು ಗ್ರೆಗರಿ ಮುಂದೆ ‘ಸ್ಟ್ರೆಚ್’ ಎಂಬ ತಂಡ ಕಟ್ಟಿದರು. ‘ಯಾಕೆ ಹೀಗೆ ಮಾಡಿದೆ’ ಎಂಬ ಅರ್ಥದ ಶೀರ್ಷಿಕೆಯ ಅವರ ಹಾಡು 1975ರಲ್ಲಿ ಬ್ರಿಟನ್ನಿನ ಜನಪ್ರಿಯತೆಯ ಪಟ್ಟಿಯಲ್ಲಿ 16ನೇ ಸ್ಥಾನಕ್ಕೇರಿತು. ಅದು ಫ್ಲೀಟ್‌ವುಡ್ ಅವರನ್ನು ಕುರಿತದ್ದೇ ಎಂದು ಅವರು ಹೇಳಿಕೊಂಡರು.

ಈಗ ನೀವೇ ನ್ಯಾಯಾಧೀಶರು. ಏನು ಮಾಡುತ್ತೀರಿ?

ವಿಜ್ಞಾನದ ತರಗತಿಯ ನಿಮ್ಮ ರೆಕಾರ್ಡ್ ಪುಸ್ತಕವನ್ನು ನೆನಪಿಸಿಕೊಳ್ಳಿ. ಕಂಡದ್ದನ್ನು ಒಂದು ಕಡೆ, ಅದರಿಂದ ಊಹಿಸಿದ್ದನ್ನು ಇನ್ನೊಂದು ಕಡೆ ಬರೆಯುತ್ತೀರಿ. ಕಂಡದ್ದು ಇಷ್ಟು: ಹಳೆಯ ನಾಲ್ವರಲ್ಲಿ ಒಬ್ಬರೂ ಆ ವೇದಿಕೆಗಳ ಮೇಲೆ ಇರಲಿಲ್ಲ. ಹಳೆಯ ನಾಲ್ವರು ಅದೇ 1974ರಲ್ಲಿ ತಮ್ಮದೇ ಹೊಸ ಆಲ್ಬಮ್ ಹೊರತಂದರು. ಈ ಎರಡನ್ನೂ ಯಾರೂ ಅಲ್ಲಗಳೆಯುವುದಿಲ್ಲ. ಮುಚ್ಚಿದ ಬಾಗಿಲಿನ ಹಿಂದೆ ಯಾರು ಯಾರಿಗೆ ಮಾತು ಕೊಟ್ಟರು ಎಂಬುದು ಮಾತ್ರ ಕಂಡದ್ದಲ್ಲ, ಹೇಳಿದ್ದು. ಹೇಳಿದವರೆಲ್ಲರಿಗೂ ಅದರಲ್ಲಿ ಲಾಭನಷ್ಟವಿತ್ತು. ಒಪ್ಪಿಗೆ ಕೊಟ್ಟಿದ್ದೆನೆಂದರೆ ಫ್ಲೀಟ್‌ವುಡ್ ಅವರ ವ್ಯಾಜ್ಯ ಸಡಿಲವಾಗುತ್ತಿತ್ತು. ಒಪ್ಪಿಗೆ ಇರಲಿಲ್ಲವೆಂದರೆ ಆ ಐವರು ಗೊತ್ತಿದ್ದೇ ಮೋಸ ಮಾಡಿದಂತಾಗುತ್ತಿತ್ತು. ಹಾಡು ಕೂಡ ಅವರ ನೋವಿಗೆ ಸಾಕ್ಷಿಯೇ ಹೊರತು ಒಪ್ಪಂದಕ್ಕೆ ಸಾಕ್ಷಿಯಲ್ಲ. ರಾಜಿಯೂ ಅಷ್ಟೇ: ಅದು ಜಗಳವನ್ನು ಮುಗಿಸುತ್ತದೆ, ಸತ್ಯವನ್ನು ತೀರ್ಮಾನಿಸುವುದಿಲ್ಲ.

ಹಾಗಾದರೆ ‘ನಕಲಿ’ ಎಂಬ ಒಂದೇ ಮಾತಿನಲ್ಲಿ ಎರಡು ಪ್ರಶ್ನೆಗಳು ಸೇರಿಕೊಂಡಿವೆ. ಆ ತಂಡ ಫ್ಲೀಟ್‌ವುಡ್ ಮ್ಯಾಕ್ ಆಗಿತ್ತೇ? ಇಲ್ಲ ಎಂದು ಧೈರ್ಯವಾಗಿ ಹೇಳಬಹುದು. ಆ ಹೆಸರು ಹುಟ್ಟಿದ್ದೇ ಇಬ್ಬರು ವಾದಕರಿಂದ, ಆ ಇಬ್ಬರೂ ಅಲ್ಲಿರಲಿಲ್ಲ. ಆದರೆ ಆ ಐವರು ಮೋಸಗಾರರೇ, ಅಥವಾ ಮೋಸಹೋದವರೇ? ಇದು ಬೇರೆಯೇ ಪ್ರಶ್ನೆ. ಮೊದಲನೆಯದರ ಉತ್ತರವನ್ನು ಎರಡನೆಯದಕ್ಕೆ ಅಂಟಿಸಿ, ಐದು ಮಂದಿಯ ಹೆಸರಿಗೆ ಮಸಿ ಬಳಿಯುವ ಹಕ್ಕು ನಮಗಿಲ್ಲ.

ಮುಂದೆ ಹಳೆಯ ತಂಡ ಅಮೆರಿಕದಲ್ಲಿ ನೆಲೆ ನಿಂತಿತು. ಲಿಂಡ್ಸೆ ಬಕಿಂಗ್‌ಹ್ಯಾಮ್ ಮತ್ತು ಸ್ಟೀವಿ ನಿಕ್ಸ್ ಸೇರಿಕೊಂಡರು. 1977ರ ‘ರೂಮರ್ಸ್’ ಆಲ್ಬಮ್ ಜಗತ್ತಿನ ಅತಿ ಹೆಚ್ಚು ಮಾರಾಟವಾದ ಆಲ್ಬಮ್‌ಗಳಲ್ಲಿ ಒಂದಾಯಿತು. ಗೆದ್ದವರ ಕಥೆ ಎಲ್ಲೆಡೆ ಹಬ್ಬಿತು. ಸೋತ ಐವರ ಮಾತು ಅಡಿಟಿಪ್ಪಣಿಯಾಯಿತು. ಬಾಬ್ ವೆಲ್ಚ್ 2012ರಲ್ಲಿ, ಪೀಟರ್ ಗ್ರೀನ್ 2020ರಲ್ಲಿ, ಕ್ರಿಸ್ಟೀನ್ ಮ್ಯಾಕ್‌ವೀ 2022ರಲ್ಲಿ ತೀರಿಕೊಂಡರು. ಸಾಕ್ಷಿಗಳು ಹೀಗೆ ಒಬ್ಬೊಬ್ಬರಾಗಿ ಕಡಿಮೆಯಾಗುತ್ತಾರೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ ನಮ್ಮ ಹಿರಿಯರು. ನಿಮ್ಮ ಊರಿನಲ್ಲೂ ಎರಡು ಬಗೆಯಾಗಿ ಹೇಳುವ ಒಂದು ಘಟನೆ ಇದ್ದೇ ಇರುತ್ತದೆ. ಎರಡೂ ಕಡೆಯವರು ಇನ್ನೂ ಇರುವಾಗಲೇ ಹೋಗಿ ಕೇಳಿ. ಕೇಳಿದ್ದನ್ನು ತಾರೀಖು ಹಾಕಿ ಬರೆದಿಡಿ.