ಕಾವಸ್‌ಜಿಯ ಮೂಗು, ನಮ್ಮ ನೆತ್ತಿ

1794ರ ಅಕ್ಟೋಬರ್ ತಿಂಗಳಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಝೀನ್’ ಎಂಬ ಪತ್ರಿಕೆ ಎತ್ತು ಹೊಡೆಯುವವನೊಬ್ಬನ ಚಿತ್ರವನ್ನು ಅಚ್ಚು ಹಾಕಿತು. ಅವನ ಹೆಸರು ಕಾವಸ್‌ಜಿ. ಒಕ್ಕಲುತನದ ಮರಾಠಾ ಮನೆತನದವನು, ಇಂಗ್ಲಿಷರ ದಂಡಿನಲ್ಲಿ ಚಾಕರಿಗಿದ್ದ. 1792ರ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ ಎಂದು ಪತ್ರಿಕೆ ಬರೆಯಿತು. ಹನ್ನೆರಡು ತಿಂಗಳಿಗೂ ಮೇಲೆ ಮೂಗಿಲ್ಲದೆ ಬದುಕಿದ ಅವನಿಗೆ ಪುಣೆಯ ಹತ್ತಿರ ಒಬ್ಬಾತ ಹಣೆಯ ಚರ್ಮವನ್ನೇ ಕೆಳಗಿಳಿಸಿ ಹೊಸ ಮೂಗು ಕಟ್ಟಿಕೊಟ್ಟ. ಮುಂಬಯಿ ಇಲಾಖೆಯ ಇಬ್ಬರು ಇಂಗ್ಲಿಷ್ ವೈದ್ಯರು, ಥಾಮಸ್ ಕ್ರೂಸೊ ಮತ್ತು ಜೇಮ್ಸ್ ಫಿಂಡ್ಲೆ, ಈ ಶಸ್ತ್ರಕ್ರಿಯೆಯನ್ನು ಕಣ್ಣಾರೆ ನೋಡಿದವರು.

ಪ್ಲಾಸ್ಟಿಕ್ ಸರ್ಜರಿಯ ಚರಿತ್ರೆ ಬರೆಯುವವರೆಲ್ಲ ಈ ಕತೆ ಹೇಳುತ್ತಾರೆ. ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ಚಿತ್ರದ ತಾರೀಖು. ಮುಂಬಯಿಯಲ್ಲಿದ್ದ ಚಿತ್ರಗಾರ ಜೇಮ್ಸ್ ವೇಲ್ಸ್ ಕಾವಸ್‌ಜಿಯನ್ನು ಎದುರಿಗೆ ಕೂರಿಸಿಕೊಂಡು ಬರೆದದ್ದು 1794ರ ಜನವರಿಯಲ್ಲಿ, ಅಂದರೆ ಶಸ್ತ್ರಕ್ರಿಯೆಯಾಗಿ ಹತ್ತು ತಿಂಗಳಾದ ಮೇಲೆ. ಗಾಯದ ಹಸಿ ಆರುವ ಮುಂಚೆ ಅಲ್ಲ, ಮರುವಾರವೂ ಅಲ್ಲ. ಹೊಸ ಮೂಗಿನ ಜೊತೆಗೆ, ಚರ್ಮ ಕಿತ್ತ ಹಣೆಯ ಮೇಲಿನ ಕಲೆಯನ್ನೂ ಆ ಚಿತ್ರ ತೋರಿಸುತ್ತದೆ. ಪತ್ರಿಕೆಯ ಬರಹ ಕೂಡ ಎರಡರ ಬಗ್ಗೆಯೂ ಹೇಳುತ್ತದೆ: ಮೂಗು ಭದ್ರವಾಗಿ ನಿಂತಿದೆ, ಹೆಚ್ಚುಕಡಿಮೆ ಸಹಜವಾಗಿಯೇ ಕಾಣುತ್ತದೆ, ಹಣೆಯ ಕಲೆಯೂ ಕಾಲ ಕಳೆದಂತೆ ಎದ್ದು ಕಾಣುವುದಿಲ್ಲ. ಕೊಟ್ಟ ಜಾಗ, ಪಡೆದ ಜಾಗ, ನಡುವೆ ಕಳೆದ ಕಾಲ, ನೋಡಿದ ಸಾಕ್ಷಿ. ಶಸ್ತ್ರಕ್ರಿಯೆಯೊಂದರ ಫಲವನ್ನು ಅಳೆಯಲು ಬೇಕಾದದ್ದೆಲ್ಲ ಆ ಒಂದು ಹಾಳೆಯಲ್ಲಿದೆ.

ಇದನ್ನೆಲ್ಲ ಮತ್ತೆ ತೆಗೆದು ಓದಲು ಕಾರಣ ದೇಸೂರದ ಒಬ್ಬ ಹುಡುಗ. ವಯಸ್ಸು ಇಪ್ಪತ್ತಾರು, ನೆತ್ತಿ ತೆಳ್ಳಗಾಗಿದೆ, ಮನೆಯಲ್ಲಿ ಕನ್ಯೆ ನೋಡುತ್ತಿದ್ದಾರೆ. “ಕಾಕಾ, ಒಂದಿಪ್ಪತ್ತು ಡಾಕ್ಟರ್ ಫೋಟೋ ನೋಡೀನ್ರಿ. ಎಲ್ಲಾರ್ದೂ ಛಲೋನ ಅದಾವ. ಯಾರ್ನ ನಂಬೂದು ಹೇಳ್ರಿ” ಎಂದ. ಬೆಳಗಾವಿ, ಹುಬ್ಬಳ್ಳಿ, ಪುಣೆ, ಗೋವಾ, ಬೆಂಗಳೂರು ಎಲ್ಲ ಊರಿನ ಬೋರ್ಡುಗಳೂ ಈಗ ಅಂಗೈಯಲ್ಲಿವೆ. ತಿಂಗಳ ಕಂತಿನಲ್ಲಿ ಕೂದಲು ಕೊಡುವವರೂ ಇದ್ದಾರೆ. ಎಲ್ಲರ ಫೋಟೋಗಳೂ ಚೆನ್ನಾಗಿವೆ ಎನ್ನುವುದೇ ಅವನ ತೊಡಕು.

ಕಾವಸ್‌ಜಿಯ ಮೂಗು ಕಟ್ಟಿದವನು ಯಾರು? ಇಟ್ಟಿಗೆ ಸುಡುವ ಜಾತಿಯವನು ಎಂದಷ್ಟೇ ಪತ್ರಿಕೆ ಹೇಳುತ್ತದೆ. ಖಾನಾಪುರದ ಇಟ್ಟಿಗೆ, ಹಂಚು, ಮಡಕೆಗಳನ್ನು ನೋಡುತ್ತ ಬೆಳೆದ ನಮ್ಮ ಸೀಮೆಯವರಿಗೆ ಈ ಮಾತು ಬೇರೆಯೇ ರೀತಿ ಕೇಳಿಸಬೇಕು. ಅವನು ಮಾಡಿದ ಕೆಲಸದ ಕ್ರಮ ನೋಡಿ. ಮೊದಲು ತೆಳುವಾದ ಮೇಣದ ಹಾಳೆಯನ್ನು ಮೂಗಿನ ಮೊಂಡಿಯ ಮೇಲಿಟ್ಟು ಮೂಗಿನ ಆಕಾರಕ್ಕೆ ತಂದ. ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದ. ಆ ಗೆರೆಯಷ್ಟೇ ಚರ್ಮವನ್ನು ಬಿಡಿಸಿದ. ಆದರೆ ಎರಡು ಕಣ್ಣುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಕೊಯ್ಯದೆ ಬಿಟ್ಟ, ರಕ್ತ ಹರಿಯಲು. ಚರ್ಮವನ್ನು ಹೊರಳಿಸಿ ಮೂಗಿನ ಜಾಗಕ್ಕೆ ಕೂರಿಸಿದ. ಹೊಲಿಗೆ ಇಲ್ಲ, ನೀರಲ್ಲಿ ನೆನೆಸಿದ ಕಾಚನ್ನು ಬಟ್ಟೆಯ ಪಟ್ಟಿಗಳಿಗೆ ಸವರಿ ಅಂಟಿಸಿದ. ನಾಲ್ಕು ದಿನದ ಮೇಲೆ ಅದನ್ನು ತೆಗೆದು ತುಪ್ಪದಲ್ಲಿ ಅದ್ದಿದ ಬಟ್ಟೆ. ಹತ್ತನೆಯ ದಿನ ಹೊಳ್ಳೆಗಳು ಮುಚ್ಚಿಹೋಗದಂತೆ ಮೆತ್ತನೆಯ ಬಟ್ಟೆಯ ತುಂಡು. ಸುಮಾರು ಇಪ್ಪತ್ತೈದನೆಯ ದಿನ, ಹೊಸ ಜಾಗದಲ್ಲಿ ಚರ್ಮ ಬೇರು ಬಿಟ್ಟಿತೆಂದು ಖಾತ್ರಿಯಾದ ಮೇಲೆ, ಕಣ್ಣುಗಳ ನಡುವಿನ ಪಟ್ಟಿಯನ್ನು ಕೊಯ್ದು ಬಿಡಿಸುವುದು.

ಇದು ಅಡ್ಡಾದಿಡ್ಡಿ ಕೆಲಸವಲ್ಲ. ತಲೆಮಾರುಗಳು ಕೈಯಿಂದ ಕೈಗೆ ದಾಟಿಸಿದ ವಿದ್ಯೆ. ಅವನಿಗೆ ಪದವಿಯಿರಲಿಲ್ಲ, ಆದರೆ ಕಲಿಕೆಯಿತ್ತು. “ಡಿಗ್ರಿಯಿಂದ ಏನಾಗ್ತದ್ರಿ, ಕೈಗುಣ ಇರಬೇಕು” ಎನ್ನುವವರು ಈ ಕತೆಯನ್ನು ತಮ್ಮ ಕಡೆಗೆ ಎಳೆದುಕೊಳ್ಳುವುದನ್ನು ಕೇಳಿದ್ದೇನೆ. ಅದು ಸರಿಯಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಶಿಷ್ಯನ ಅಭ್ಯಾಸಕ್ಕೆಂದೇ ಒಂದು ಅಧ್ಯಾಯವಿದೆ: ಕೊಯ್ಯುವುದನ್ನು ಕುಂಬಳ, ಸೌತೆಗಳ ಮೇಲೆ ಕಲಿ, ಹೊಲಿಯುವುದನ್ನು ಬಟ್ಟೆ, ಮೆದು ತೊಗಲಿನ ಮೇಲೆ ಕಲಿ, ಕೆರೆಯುವುದನ್ನು ಕೂದಲಿರುವ ತೊಗಲಿನ ಮೇಲೆ ಕಲಿ. ಶಾಸ್ತ್ರ ಎಷ್ಟೇ ಓದಿದ್ದರೂ ಈ ಅಭ್ಯಾಸವಿಲ್ಲದವನು ಕೆಲಸಕ್ಕೆ ಅರ್ಹನಲ್ಲ ಎಂಬುದು ಅದರ ತಾತ್ಪರ್ಯ. ಕೂದಲು ಕಸಿಯ ಬಗ್ಗೆ ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದ್ದೂ ಇದನ್ನೇ, ಆಧುನಿಕ ಭಾಷೆಯಲ್ಲಿ: ಕಾರ್ಯಾಗಾರದಲ್ಲಿ ಕೂತು ನೋಡಿದ್ದು, ಯೂಟ್ಯೂಬ್ ನೋಡಿದ್ದು ತರಬೇತಿ ಎನಿಸಿಕೊಳ್ಳುವುದಿಲ್ಲ.

ಮೂಗಿನಿಂದ ಕೂದಲಿಗೆ ಬರುವ ದಾರಿ ಉದ್ದವೇನಲ್ಲ. ಹಣೆಯ ಚರ್ಮ ಮೂಗಾದರೂ ಹಣೆಯ ಗುಣವನ್ನು ಉಳಿಸಿಕೊಳ್ಳುತ್ತದೆ ಎಂಬುದು ಆಗಲೇ ಗೊತ್ತಿದ್ದ ಸಂಗತಿ. ಕೂದಲಿನ ವಿಷಯದಲ್ಲೂ ಹಾಗೆಯೇ ಎಂಬುದು ಖಚಿತವಾಗಲು 20ನೆಯ ಶತಮಾನ ಬರಬೇಕಾಯಿತು. ಜಪಾನಿನ ಷೋಜಿ ಒಕುಡಾ 1939ರಲ್ಲಿ ಸುಟ್ಟ ಗಾಯಗಳ ಕಲೆಯ ಮೇಲೆ ಕೂದಲಿರುವ ಚರ್ಮದ ಸಣ್ಣ ಬಿಲ್ಲೆಗಳನ್ನು ನೆಟ್ಟು ಬೆಳೆಸಿದ್ದನ್ನು ಪ್ರಕಟಿಸಿದ. ಆ ಬರಹ ಜಪಾನಿ ಭಾಷೆಯಲ್ಲಿತ್ತು, ಬೆನ್ನಿಗೇ ಯುದ್ಧ ಬಂತು, ಹೊರಗಿನವರಿಗೆ ತಲುಪಲಿಲ್ಲ. 1952ರಲ್ಲಿ ನ್ಯೂಯಾರ್ಕಿನ ನಾರ್ಮನ್ ಓರೆಂಟ್ರೈಖ್ ಬೋಳಾಗುತ್ತಿದ್ದ ಗಂಡಸಿನ ತಲೆಯ ಮೇಲೆ ಅದೇ ಕೆಲಸ ಮಾಡಿ, 1959ರಲ್ಲಿ ಪ್ರಕಟಿಸಿದ. ಹಿಂದಲೆಯ ಕೂದಲನ್ನು ಮುಂದಲೆಗೆ ನೆಟ್ಟರೂ ಅದು ಹಿಂದಲೆಯ ಕೂದಲಿನಂತೆಯೇ ಬಾಳುತ್ತದೆ ಎಂಬುದು ಅವನು ಕಂಡುಕೊಂಡದ್ದು. ಇಡೀ ಉದ್ಯಮ ನಿಂತಿರುವುದು ಈ ಒಂದು ಮಾತಿನ ಮೇಲೆ.

ಖಾನಾಪುರದ ಭತ್ತದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಸಿಮಡಿಯಿಂದ ಕಿತ್ತು ಗದ್ದೆಗೆ ನಾಟಿ. ಒಂದೇ ವ್ಯತ್ಯಾಸವೆಂದರೆ ಭತ್ತದ ಸಸಿ ನೆಟ್ಟ ಮೇಲೆ ತೆಂಡೆ ಒಡೆದು ಹೆಚ್ಚುತ್ತದೆ, ಕೂದಲು ಹೆಚ್ಚುವುದಿಲ್ಲ. ಮತ್ತು ಈ ಸಸಿಮಡಿಗೆ ಎರಡನೆಯ ಬಿತ್ತನೆ ಇಲ್ಲ. ಹಿಂದಲೆಯಲ್ಲಿ ಇದ್ದದ್ದೇ ಮುಂದಲೆಗೆ ಬರಬೇಕು. ಅಲ್ಲಿ ತೆಗೆದದ್ದು ಅಲ್ಲಿ ಮತ್ತೆ ಹುಟ್ಟುವುದಿಲ್ಲ. ಬೋರ್ಡುಗಳಲ್ಲಿ ಕಾಣುವ ‘ಅನ್‌ಲಿಮಿಟೆಡ್ ಗ್ರಾಫ್ಟ್’ ಎಂಬ ಮಾತು ಆದ್ದರಿಂದ ಶುದ್ಧ ಸುಳ್ಳು.

ಓರೆಂಟ್ರೈಖ್‌ನ ಬಿಲ್ಲೆಗಳು ಸುಮಾರು 4 ಮಿಲಿಮೀಟರ್ ಅಗಲದವು. ಒಂದೊಂದರಲ್ಲಿ ಹತ್ತಾರು ಕೂದಲು. ಗೊಂಬೆಯ ತಲೆಗೆ ಗೊಂಚಲು ಚುಚ್ಚಿದಂತೆ ಕಾಣುತ್ತಿತ್ತು. ಹಿಂದಲೆಯ ಉಳಿದ ಗುಳಿಗಳ ಮಾತು ಬೇಡ. ಮೂವತ್ತು ವರ್ಷ ಜಗತ್ತಿನ ಶ್ರೀಮಂತರು ಅದನ್ನೇ ಹೊತ್ತು ತಿರುಗಿದರು. 1988ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಬಾಬಿ ಲಿಮ್ಮರ್ ಎಂಬ ವೈದ್ಯ ಹಿಂದಲೆಯಿಂದ ಚರ್ಮದ ಒಂದು ಪಟ್ಟಿ ತೆಗೆದು, ಸೂಕ್ಷ್ಮದರ್ಶಕದ ಕೆಳಗಿಟ್ಟು, ಕೂದಲು ಸಹಜವಾಗಿ ಹುಟ್ಟುವ ಗುಂಪುಗಳಾಗಿ ಬಿಡಿಸತೊಡಗಿದ. ಒಂದು ಗುಂಪಿನಲ್ಲಿ ಒಂದರಿಂದ ನಾಲ್ಕು ಕೂದಲು. ಆಗಿನಿಂದ ನಾಟಿ ಮಾಡಿದ್ದು ನಾಟಿಯಂತೆ ಕಾಣುವುದು ನಿಂತಿತು. ಆಮೇಲೆ ಪಟ್ಟಿಯನ್ನೇ ತೆಗೆಯದೆ, ಮಿಲಿಮೀಟರಿಗಿಂತ ಸಣ್ಣ ಕೊಳವೆಯಿಂದ ಒಂದೊಂದೇ ಗುಂಪನ್ನು ಕೀಳುವ ವಿಧಾನ ಬಂತು; 2002ರ ಹೊತ್ತಿಗೆ ಅದು ಎಫ್‌ಯುಇ ಎಂಬ ಹೆಸರಲ್ಲಿ ವೈದ್ಯಕೀಯ ಪತ್ರಿಕೆಗೂ ಏರಿತು.

ಈ ಕೊನೆಯ ಹೆಜ್ಜೆ ರೋಗಿಗೆ ಒಳ್ಳೆಯದು ಮಾಡಿತು, ಉದ್ದನೆಯ ಕಲೆ ತಪ್ಪಿಸಿತು. ಜೊತೆಗೆ ಇನ್ನೊಂದನ್ನೂ ಮಾಡಿತು. ಪಟ್ಟಿ ಕೊಯ್ದು ಹೊಲಿಯಲು ಶಸ್ತ್ರವೈದ್ಯನೇ ಬೇಕಿತ್ತು. ಮೋಟರಿಗೆ ಸಿಕ್ಕಿಸಿದ ಕೊಳವೆ ಹಿಡಿಯಲು ಯಾರಾದರೂ ಸಾಕು ಎಂಬ ಭ್ರಮೆ ಹುಟ್ಟಿತು. ಲೆಕ್ಕ ಹಾಕಿ ನೋಡಿ. 2,500 ಗ್ರಾಫ್ಟ್ ಎಂದರೆ 2,500 ಸಲ ಕೀಳಬೇಕು, 2,500 ಸಲ ನೆಡಬೇಕು. ಎಂಟು ತಾಸು ಎಂದರೆ 28,800 ಸೆಕೆಂಡು. ಒಂದೊಂದು ಸಲಕ್ಕೆ ಆರು ಸೆಕೆಂಡೂ ಸಿಗುವುದಿಲ್ಲ. ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಕಿತ್ತ ಬೇರು ಹೊರಗೆ ಹೆಚ್ಚು ಹೊತ್ತು ಉಳಿದಷ್ಟೂ ಸಾಯುವುದು ಹೆಚ್ಚು. ಹಾಗಾಗಿ ಎರಡು ಮೂರು ಮಂದಿ ತಂತ್ರಜ್ಞರು ಒಟ್ಟಿಗೆ ಕೂರುತ್ತಾರೆ. ಬೋರ್ಡಿನಲ್ಲಿರುವುದು ಡಾಕ್ಟರ ಹೆಸರು, ತಲೆಯ ಮೇಲಿರುವುದು ಇನ್ನೊಬ್ಬರ ಕೈ. 1793ರಲ್ಲಿ ಹೆಸರಿಲ್ಲದವನು ಕೊಯ್ದ, ಹೆಸರಿದ್ದ ಡಾಕ್ಟರರು ನಿಂತು ನೋಡಿದರು. ಈಗಲೂ ಎಷ್ಟೋ ಕಡೆ ಹಾಗೆಯೇ, ಡಾಕ್ಟರರು ನಿಂತು ನೋಡುತ್ತಾರೆಂಬ ಖಾತ್ರಿ ಮಾತ್ರ ಇಲ್ಲ.

ಖಾತ್ರಿ ಇಲ್ಲದಾಗ ಏನಾಗುತ್ತದೆ ಎಂಬುದು ಪತ್ರಿಕೆಗಳಲ್ಲಿ ಬಂದಿದೆ. 2016ರಲ್ಲಿ ಚೆನ್ನೈಯಲ್ಲಿ ಸಲೂನಿನಂಥ ಜಾಗದಲ್ಲಿ ಕೂದಲು ಕಸಿ ಮಾಡಿಸಿಕೊಂಡು ಸತ್ತವನು ಸ್ವತಃ ವೈದ್ಯಕೀಯ ಕೊನೆಯ ವರ್ಷದ ವಿದ್ಯಾರ್ಥಿ. 2025ರಲ್ಲಿ ಕಾನ್ಪುರದಲ್ಲಿ ಇಂಜಿನಿಯರ್ ಒಬ್ಬ ಸತ್ತ ಪ್ರಕರಣದಲ್ಲಿ ಕಸಿ ಮಾಡಿದ್ದು ಹಲ್ಲಿನ ಡಾಕ್ಟರ್ ಎಂಬ ಆರೋಪ ಬಂತು. ಬಹುತೇಕ ಕಸಿಗಳು ಸುರಕ್ಷಿತವಾಗಿಯೇ ಮುಗಿಯುತ್ತವೆ, ನಿಜ. ಆದರೆ ತಲೆಗೆ ಕೊಡುವ ಮರಗಟ್ಟಿಸುವ ಮದ್ದಿನ ಪ್ರಮಾಣ ತಪ್ಪಿದರೆ, ಒಗ್ಗದಿದ್ದರೆ, ಮುಂದಿನ ಐದು ನಿಮಿಷದಲ್ಲಿ ಏನು ಮಾಡಬೇಕೆಂದು ಗೊತ್ತಿರುವವರು ಅದೇ ಕೋಣೆಯಲ್ಲಿ ಇರಬೇಕು.

ನಮ್ಮಲ್ಲಿ ನಿಯಮಗಳಿಲ್ಲದಿಲ್ಲ. ಚರ್ಮವೈದ್ಯರ ಸಂಘದ ಪರವಾಗಿ ಕೂದಲು ಕಸಿಯ ಮಾರ್ಗಸೂಚಿ ಪ್ರಕಟವಾದದ್ದು 2008ರಲ್ಲಿ. ಬರೆದವರಿಬ್ಬರು: ಪುಣೆಯ ಪಟವರ್ಧನ್, ಬೆಂಗಳೂರಿನ ವೆಂಕಟರಾಮ್ ಮೈಸೂರು. ಕಾವಸ್‌ಜಿ ಮೂಗು ಕಳೆದುಕೊಂಡ ಯುದ್ಧದಲ್ಲಿ ಧಾರವಾಡದ ಕೋಟೆಯನ್ನು ತಿಂಗಳುಗಟ್ಟಲೆ ಮುತ್ತಿ ಮೈಸೂರಿನವರಿಂದ 1791ರಲ್ಲಿ ಕಿತ್ತುಕೊಂಡವನು ಪರಶುರಾಮ ಭಾವು ಪಟವರ್ಧನ. ಅಡ್ಡಹೆಸರುಗಳ ಆಕಸ್ಮಿಕ ಅಷ್ಟೇ. ಆದರೂ ಆ ಎರಡು ಹೆಸರು ಒಂದೇ ಹಾಳೆಯಲ್ಲಿ ಜೊತೆಯಾಗಿ ಕೂತದ್ದು ಕಂಡಾಗ ನಗು ಬಂತು. ವೈದ್ಯರ ನೋಂದಣಿಯೂ ನಮ್ಮ ಕಡೆ ಹೊಸದಲ್ಲ. ಬೆಳಗಾವಿ ಮುಂಬಯಿ ಇಲಾಖೆಯಲ್ಲಿದ್ದಾಗ, 1912ರ ಕಾಯ್ದೆಯಿಂದಲೇ ಅದು ಶುರುವಾಯಿತು. ಈಗ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಡಾಕ್ಟರ ನೋಂದಣಿ, 2007ರ ಕೆಪಿಎಂಇ ಕಾಯ್ದೆಯಡಿ ಆಸ್ಪತ್ರೆಯ ನೋಂದಣಿ. ಆ ಪ್ರಮಾಣಪತ್ರವನ್ನೂ ದರಪಟ್ಟಿಯನ್ನೂ ಗೋಡೆಗೆ ಹಾಕಿರಬೇಕು. ಬೆಳಗಾವಿಯಿಂದ ಗಡಿ ದಾಟಿ ಕೊಲ್ಹಾಪುರಕ್ಕೋ ಪಣಜಿಗೋ ಹೋದರೆ ಪರಿಷತ್ತು ಬೇರೆ, ಕಾಯ್ದೆ ಬೇರೆ. ದೂರು ಕೊಡುವ ಬಾಗಿಲೂ ಬೇರೆ.

ಹುಡುಗನಿಗೆ ನಾನು ಮೊದಲು ಹೇಳಿದ್ದು, ಕಸಿ ಮಾಡುವವರ ಹತ್ತಿರ ಹೋಗುವ ಮುಂಚೆ ಚರ್ಮರೋಗ ತಜ್ಞರ ಹತ್ತಿರ ಹೋಗು ಎಂದು. 1963ರಿಂದ ವೈದ್ಯಕೀಯ ಕಾಲೇಜು ಇರುವ ಊರು ಇದು, ತಜ್ಞರಿಗೆ ಬರವಿಲ್ಲ. ಉದುರುವುದು ಯಾಕೆ, ಇನ್ನೂ ಎಷ್ಟು ಉದುರಬಹುದು, ಮಿನಾಕ್ಸಿಡಿಲ್ ಅಥವಾ ಫಿನಾಸ್ಟರೈಡ್‌ನಿಂದ ತಡೆಯಲಾದೀತೇ, ಅವುಗಳ ಅಡ್ಡಪರಿಣಾಮವೇನು ಎಂಬುದು ಮೊದಲ ಪ್ರಶ್ನೆ. ಇಪ್ಪತ್ತಾರಕ್ಕೆ ಮುಂದಲೆಯಲ್ಲಿ ಕೆಳಗೆ ಇಳಿಸಿ ಗೆರೆ ಎಳೆಸಿಕೊಂಡು, ನಲವತ್ತಕ್ಕೆ ಅದರ ಹಿಂದಿನದೆಲ್ಲ ಹೋದರೆ, ಮುಂದೊಂದು ನಡುಗಡ್ಡೆ ಉಳಿಯುತ್ತದೆ. ಅಷ್ಟರಲ್ಲಿ ಸಸಿಮಡಿ ಖಾಲಿ. “ಈಗ ಬೇಡ, ಎರಡು ವರ್ಷ ನೋಡೋಣ” ಎನ್ನುವ ಡಾಕ್ಟರ್ ಸಿಕ್ಕರೆ ಅವರ ಮೇಲೆ ನನಗೆ ಭರವಸೆ ಹೆಚ್ಚು.

ಇನ್ನು ಫೋಟೋ. ನೆಟ್ಟ ಕೂದಲು ಮೊದಲ ಕೆಲವು ವಾರಗಳಲ್ಲಿ ಉದುರಿಹೋಗುತ್ತದೆ, ಬೇರು ಮಾತ್ರ ಉಳಿಯುತ್ತದೆ. ಮತ್ತೆ ಚಿಗುರುವುದು ಮೂರು ನಾಲ್ಕು ತಿಂಗಳಿಗೆ, ಪೂರ್ತಿ ಕಾಣುವುದು ವರ್ಷಕ್ಕೆ, ನೆತ್ತಿಯ ಸುಳಿಯಲ್ಲಾದರೆ ಇನ್ನೂ ತಡ. ಆದ್ದರಿಂದ ತಿಂಗಳ ಲೆಕ್ಕ ಬರೆಯದ ಫೋಟೋ ಫೋಟೋವೇ ಅಲ್ಲ. ಮೊದಲಿನದು ಟ್ಯೂಬ್‌ಲೈಟಿನ ಕೆಳಗೆ ಒದ್ದೆ ತಲೆ, ಆಮೇಲಿನದು ಮೆತ್ತಗಿನ ಬೆಳಕಿನಲ್ಲಿ ಬಾಚಿ ನಿಲ್ಲಿಸಿದ ಉದ್ದ ಕೂದಲಾದರೆ ಹೋಲಿಕೆ ಮುಗಿದಂತೆ. ಸುಮಾರು ಅರ್ಧ ಕೂದಲು ಹೋಗುವವರೆಗೆ ತೆಳುವಾದದ್ದು ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ. ಡಾಕ್ಟರಿಗೆ ಉಪಕಾರ ಮಾಡುವ ಕಣ್ಣಿನ ಈ ದೌರ್ಬಲ್ಯವೇ ಫೋಟೋಗ್ರಾಫರಿಗೂ ಉಪಕಾರ ಮಾಡುತ್ತದೆ. ಗೆರೆಯನ್ನು ಹತ್ತಿರದಿಂದ ನೋಡಬೇಕು. ಮುಂದಿನ ಸಾಲಿನಲ್ಲಿ ಒಂಟಿ ಕೂದಲುಗಳೇ ಇವೆಯೇ, ಅವು ಮುಂದಕ್ಕೆ ಬಾಗಿವೆಯೇ, ಗೆರೆ ಸ್ಕೇಲಿಟ್ಟು ಎಳೆದಂತಿದೆಯೇ? ಗ್ರಾಫ್ಟ್ ಎಷ್ಟು ಎಂದು ಹೇಳಿದರೋ ಕೂದಲು ಎಷ್ಟು ಎಂದು ಹೇಳಿದರೋ ಅದನ್ನೂ ಬಿಡಿಸಿ ಕೇಳಬೇಕು; ಒಂದು ಇನ್ನೊಂದರ ದುಪ್ಪಟ್ಟಾಗಿರಬಹುದು. ಎಲ್ಲಕ್ಕಿಂತ ಹೆಚ್ಚಾಗಿ ಹಿಂದಲೆಯ ಫೋಟೋ ಕೇಳಬೇಕು, ಕೂದಲು ಗಿಡ್ಡ ಮಾಡಿಸಿದ್ದು. ಇಪ್ಪತ್ತು ಡಾಕ್ಟರ ಫೋಟೋಗಳಲ್ಲಿ ಹುಡುಗ ನನಗೆ ತೋರಿಸಿದ ಹಿಂದಲೆಗಳು ಎರಡೇ ಎರಡು.

ಫೋಟೋಕ್ಕಿಂತ ಒಬ್ಬ ಮನುಷ್ಯನನ್ನು ಕಣ್ಣಾರೆ ನೋಡುವುದು ಮೇಲು. ವರ್ಷದ ಹಿಂದೆ ಮಾಡಿಸಿಕೊಂಡವರು ಭೇಟಿಗೆ ಒಪ್ಪಿದರೆ ಹಗಲು ಬೆಳಕಿನಲ್ಲಿ ಕೂತು ಮಾತಾಡಬಹುದು. ಹತ್ತಿರದ ಊರಿನ ಡಾಕ್ಟರ್ ಆದರೆ ಇದು ಸುಲಭ. ಹತ್ತನೆಯ ತಿಂಗಳಲ್ಲಿ ಮರಳಿ ಹೋಗಿ ತೋರಿಸುವುದೂ ಸುಲಭ. ಮತ್ತೆ ಕಾಗದ. ಒಪ್ಪಿಗೆಯ ಕಾಗದದಲ್ಲಿ ಡಾಕ್ಟರ ಹೆಸರಿನ ಕೆಳಗೆ ಮರಗಟ್ಟಿಸುವವರು ಯಾರು, ಕೀಳುವವರು ಯಾರು, ನೆಡುವವರು ಯಾರು, ಡಾಕ್ಟರ್ ಎಷ್ಟು ಹೊತ್ತು ಕೋಣೆಯಲ್ಲಿರುತ್ತಾರೆ ಎಂಬುದನ್ನು ಬರೆಸಿಕೋ ಎಂದೆ. ಹುಡುಗ ಬೆಳಗಾವಿಯ ಒಂದು ಕಡೆ ಕೇಳಿ ನೋಡಿದ. ಒಳಗೆ ಹೋಗಿ ಬಂದ ರಿಸೆಪ್ಶನಿಸ್ಟ್, “ಹಂಗೆಲ್ಲ ಹೆಸರು ಬರ್ಯೂದಿಲ್ರಿ, ಟೀಮ್ ಅಂತಿರ್ತದ” ಎಂದಳಂತೆ. ಅವನು ಅಡ್ವಾನ್ಸ್ ಕೊಡದೆ ಬಂದ.