‘ತಾತ್ಕಾಲಿಕ’ ಅನ್ನೋ ಒಂದು ಪದದ ಚರಿತ್ರೆ

ಸ್ವಲ್ಪ ಉದ್ದ ಆಗ್ಯದ, ಪುರುಸೊತ್ತು ಇದ್ದಾಗ ಪೂರ್ತಿ ಓದ್ರಿ.

ಕಚೇರಿಯಲ್ಲಿ ಕುಂತು ಫೈಲು ಕಟ್ಟೋ ಗುಮಾಸ್ತ ನಾನು. ಸರ್ಕಾರಿ ಕನ್ನಡದ ಕೆಲವು ಪದ ಕಂಡ ಕೂಡಲೇ ಎಚ್ಚರ ಆಗ್ತೀನಿ. ‘ತಾತ್ಕಾಲಿಕವಾಗಿ’, ‘ಮುಂದಿನ ಆದೇಶದವರೆಗೆ’, ‘ಒಂದು ಬಾರಿಗೆ ಮಾತ್ರ’. ಮೊನ್ನೆ ನಮ್ಮ ಕೇರಿಯ ಹುಡುಗನೊಬ್ಬ ಕೇಳಿದ: “ಅಣ್ಣ, ಕರೋನಾ ಕಾಲದಾಗ ಸರ್ಕಾರ ಎಲ್ಲಾ ಪುಕ್ಕಟೆ ಕೊಟ್ಟಿತ್ತಂತಲ್ಲ, ಆಮ್ಯಾಲೆ ಯಾಕ ಬಂದ್ ಆತು?” ಆಗ ಅವನು ಇನ್ನೂ ಸಣ್ಣವ. ಐದಾರು ವರ್ಷದ ಹಿಂದಿನ ಮಾತೇ ಇವತ್ತಿನ ಹುಡುಗರಿಗೆ ಕಥೆ ಆಗಿಬಿಟ್ಟದ. ಅದಕ್ಕ ಬರದಿಡಬೇಕು ಅನಿಸ್ತು.

ಗೋಗಿ ಹೊರಗಿನವರಿಗೆ ಗೊತ್ತಿರೋದು ಎರಡೇ ಕಾರಣಕ್ಕ. ಚಂದಾ ಹುಸೇನಿ ದರ್ಗಾದಲ್ಲಿ ಮಣ್ಣಾಗಿರೋ ಆದಿಲ್‌ಶಾಹಿ ಸುಲ್ತಾನರು ಒಂದು, ನೆಲದೊಳಗಿನ ಯುರೇನಿಯಂ ಇನ್ನೊಂದು. ನೆಲದ ಮ್ಯಾಲಿನ ಮಂದಿ ಬಗ್ಗೆ ಕೇಳೋರು ಕಡಿಮೆ. ಹತ್ತಿ ಬಿಡಿಸಿ, ತೊಗರಿ ರಾಶಿ ಮುಗಿಸಿದ ಮ್ಯಾಲೆ ನಮ್ಮ ಕಡೆಯ ಕೇರಿಗಳು ಅರ್ಧ ಖಾಲಿ ಆಗ್ತಾವ. ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್ ಕಡೆ ಗುಳೆ. 2020ರ ಮಾರ್ಚ್ 24ರ ರಾತ್ರಿ ದೇಶ ಮುಚ್ಚಿದಾಗ ನಮ್ಮವರು ಕಟ್ಟುತ್ತಿದ್ದ ಬಿಲ್ಡಿಂಗ್‌ಗಳ ಕೆಳಗಿನ ತಗಡಿನ ಶೆಡ್ಡಿನಾಗ ಇದ್ರು.

ಮಾರ್ಚ್ 26ಕ್ಕೆ ಕೇಂದ್ರ ಸರ್ಕಾರ ಗರೀಬ್ ಕಲ್ಯಾಣ್ ಪ್ಯಾಕೇಜ್ ಹೇಳಿತು, 1.7 ಲಕ್ಷ ಕೋಟಿ. ತಲೆಗೆ ತಿಂಗಳಿಗೆ 5 ಕೆಜಿ ಹೆಚ್ಚುವರಿ ಅಕ್ಕಿ ಅಥವಾ ಗೋಧಿ, ಮನೆಗೆ 1 ಕೆಜಿ ಬೇಳೆ, ಜನಧನ್ ಖಾತೆ ಇದ್ದ ಹೆಣ್ಣುಮಕ್ಕಳಿಗೆ ಮೂರು ತಿಂಗಳು 500 ರೂಪಾಯಿ, ವೃದ್ಧರು, ವಿಧವೆಯರು, ಅಂಗವಿಕಲರಿಗೆ ಎರಡು ಕಂತಿನಲ್ಲಿ 1,000. ಎಲ್ಲಾ ಮೂರು ತಿಂಗಳಿಗೆ ಅಂತ ಬರೆದದ್ದು. ಆ 500 ರೂಪಾಯಿ ತೆಗೆಯಾಕ ಖಾತೆ ನಂಬರಿನ ಕೊನೆ ಅಂಕಿ ನೋಡಿ ದಿನ ಹಂಚಿದ್ರು. 0, 1 ಇದ್ದವರಿಗೆ ಏಪ್ರಿಲ್ 3, 2, 3 ಇದ್ದವರಿಗೆ ಏಪ್ರಿಲ್ 4. ನಂಬರೇ ಓದಾಕ ಬಾರದ ಅವ್ವಂದಿರಿಗೆ ಇದನ್ನ ಯಾರು ಹೇಳಬೇಕು? ತೆಗೀದಿದ್ರ ವಾಪಸ್ ಹೋಗ್ತದ ಅಂತ ಸುದ್ದಿ ಹಬ್ಬಿ, ಬಿಸಿಲಾಗ ಬ್ಯಾಂಕಿನ ಮುಂದ ಸಾಲು ನಿಂತವು. ದೂರ ದೂರ ನಿಲ್ಲಬೇಕು ಅಂತ ಸುಣ್ಣದಾಗ ಹಾಕಿದ್ದ ವೃತ್ತದಾಗ ಚಪ್ಪಲಿ ಬಿಟ್ಟು ನೆರಳಿಗೆ ಕುಂತಿದ್ರು.

ಇನ್ನೊಂದು ಬದಲಾವಣೆ ಸದ್ದಿಲ್ಲದೇ ಆತು, ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು ಅದೇ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತೋದನ್ನ ಕೆಲವು ದಿನ ನಿಲ್ಲಿಸಿದ್ರು, ಸೋಂಕು ಹರಡ್ತದ ಅಂತ. ಜೀವಮಾನವೆಲ್ಲ ಕುಡಗೋಲು, ಸಲಿಕೆ, ಕಲ್ಲು ಹಿಡಿದ ಕೈಗೆ ಗೆರೆ ಎಲ್ಲಿ ಉಳಿದಿರ್ತಾವ್ರಿ? ಮಷೀನು ಒಪ್ಪದೇ ತಿಂಗಳಾ ನಾಲ್ಕು ಸಲ ಅಲೆಯೋ ಮುದುಕಿಯರು ನಮ್ಮ ಓಣಿಯಲ್ಲೇ ಅದಾರ. ಆ ದಿನಗಳಲ್ಲಿ ಅವರು ಒಂದೇ ಸಲಕ್ಕೆ ಅಕ್ಕಿ ತಂದ್ರು. ಮೊಬೈಲಿಗೆ ಒಟಿಪಿ ಬರಬೇಕು ಅನ್ನೋ ತಕರಾರು ಒಂದಿತ್ತು, ಫೋನ್ ಇಲ್ಲದವರ ಪಾಡು ಬೇರೆ. ಆದ್ರೂ ಹೆಬ್ಬೆಟ್ಟಿಲ್ಲದೆ ಅಕ್ಕಿ ಕೊಟ್ಟಿದ್ದಕ್ಕ ರಾಜ್ಯ ಮುಳುಗಲಿಲ್ಲ, ಗೋದಾಮು ಲೂಟಿ ಆಗಲಿಲ್ಲ. ಹಂಗಾದ್ರ ಅಲ್ಲಿತನಕ ಆ ಷರತ್ತು ಯಾರ ಸಲುವಾಗಿ ಇತ್ತು? ಸೋಂಕಿನ ಅಂಜಿಕೆ ಹೋದ ಮ್ಯಾಲೆ ಹೆಬ್ಬೆಟ್ಟು ತಿರುಗಿ ಬಂತು. ಅದನ್ನ ವಾಪಸ್ ತರೋದಕ್ಕೆ ಯಾರೂ ಪತ್ರಿಕಾಗೋಷ್ಠಿ ಮಾಡಲಿಲ್ಲ.

ಬಸ್ಸಿನ ಕಥೆ ನಿಮಗೆಲ್ಲ ನೆನಪಿರಬೇಕು. ಮೇ ಮೊದಲ ವಾರ ಬೆಂಗಳೂರಿಂದ ಊರಿಗೆ ಹೊರಟ ಕೂಲಿಯವರಿಗೆ ಮೊದಲು ಹೋಗಿಬರೋ ಎರಡೂ ಕಡೆಯ ಚಾರ್ಜು ಕೇಳಿದ್ರು. ಗದ್ದಲ ಆದ ಮ್ಯಾಲೆ ಮೇ 3ರಿಂದ ಮೂರು ದಿನ ಪುಕ್ಕಟೆ, ಆಮ್ಯಾಲೆ 7ರವರೆಗೆ. ಅದರ ನಡುವೆ ಮೇ 5ಕ್ಕೆ, ಬಿಲ್ಡರ್‌ಗಳ ಜೋಡಿ ಸಭೆ ಆದ ದಿನವೇ, ಹೊರ ರಾಜ್ಯದ ಕಾರ್ಮಿಕರ ರೈಲು ರದ್ದು! ಬೈಗುಳ ತಿಂದ ಮ್ಯಾಲೆ ರೈಲು ಮತ್ತೆ ಬಿಟ್ರು. ಮಹಾರಾಷ್ಟ್ರದಿಂದ ಬಂದ ನಮ್ಮ ಜಿಲ್ಲೆಯವರನ್ನ ಸಾಲೆ, ಹಾಸ್ಟೆಲ್‌ಗಳಲ್ಲಿ ಕ್ವಾರಂಟೈನ್ ಇಟ್ರು.

ಉದ್ಯೋಗ ಖಾತ್ರಿಗೆ ಬರ್ತೀನಿ. 2006ರ ಫೆಬ್ರವರಿಯಲ್ಲಿ ದೇಶದ 200 ಜಿಲ್ಲೆಗಳಲ್ಲಿ ಈ ಯೋಜನೆ ಶುರು ಆದಾಗ ಕರ್ನಾಟಕದ ಐದರಲ್ಲಿ ಗುಲಬರ್ಗಾ ಒಂದು. ಯಾದಗಿರಿ ಆಗಿನ್ನೂ ಜಿಲ್ಲೆ ಆಗಿರಲಿಲ್ಲ, ನಾವು ಅದರಾಗೇ ಇದ್ವಿ. ಇದರ ಬೇರು ಕೂಡ ‘ತಾತ್ಕಾಲಿಕ’ದ್ದೇ ನೋಡ್ರಿ. 1972ರ ಬರದಾಗ ಪಕ್ಕದ ಮಹಾರಾಷ್ಟ್ರದಲ್ಲಿ ಬರಗಾಲದ ಕೆಲಸ ಅಂತ ನಡೆದದ್ದು, ಜನ ಬಿಡದೇ ಕೇಳಿದ್ದಕ್ಕ 1977ರಲ್ಲಿ ಕಾಯ್ದೆ ಆತು. 2020ರಲ್ಲಿ ನಮ್ಮ ರಾಜ್ಯದ ಕೂಲಿ 249ರಿಂದ 275ಕ್ಕೆ ಏರಿತು, ಮೇ ತಿಂಗಳಲ್ಲಿ ಕೇಂದ್ರ ಇನ್ನೂ 40 ಸಾವಿರ ಕೋಟಿ ಕೊಟ್ಟಿತು. ಗುಳೆ ಹೋದವರು ಊರ ಕೆರೆ ಹೂಳು ತೆಗೆದ್ರು, ಬದು ಹಾಕಿದ್ರು. ಪುಣೆಯ ಕೂಲಿಗೆ ಇದು ಸಮ ಅಲ್ಲ, ಖರೆ. ಆದ್ರ ಊರ ಗೌಡರ ಹೊಲದಾಗ ಅವರು ಹೇಳಿದ ಕೂಲಿಗೆ ಹೋಗೋದು ತಪ್ಪಿತಲ್ಲ, ಅದು ಸಣ್ಣ ಮಾತಲ್ಲ.

ಅದೇ ಯೋಜನೆಯಲ್ಲಿ 2021ರ ಏಪ್ರಿಲ್‌ನಿಂದ ಯಾರೂ ಕೇಳದ ಒಂದು ಬದಲಾವಣೆ ಬಂತು. ಕೂಲಿ ಹಣವನ್ನ ಎಸ್‌ಸಿ, ಎಸ್‌ಟಿ, ಇತರೆ ಅಂತ ಮೂರು ಭಾಗ ಮಾಡಿ ಬೇರೆ ಬೇರೆ ಪಾವತಿ. ನಮ್ಮ ಪಾಲಿನ ಲೆಕ್ಕ ಸ್ಪಷ್ಟ ಸಿಗಲಿ ಅಂತ ಅವರ ಸಮಜಾಯಿಷಿ. ಕೆಲಸದ ಜಾಗದಾಗ ಆದದ್ದೇ ಬೇರೆ. ಒಂದೇ ಹೊಂಡ ಅಗೆದವರಿಗೆ ಒಬ್ಬರಿಗೆ ಹಣ ಮೊದಲು, ಇನ್ನೊಬ್ಬರಿಗೆ ತಡ. “ನಿಮ್ಮವರಿಗೆ ಬಂತು, ನಮಗ ಬರಲಿಲ್ಲ” ಅನ್ನೋ ಮಾತು ಬುತ್ತಿ ಬಿಚ್ಚೋ ಮರದ ಬುಡಕ್ಕೂ ಬಂತು. ಬುತ್ತಿ ಬೇರೆ ಕುಂತು ಉಣ್ಣೋದು ನಮಗ ಹೊಸದಲ್ಲ, ಆದ್ರ ಕೂಲಿಗೂ ಕೇರಿ ಕಟ್ಟಿದ್ದು ಇದೇ ಮೊದಲು. ದೇಶದ ತುಂಬ ದೂರು ಬಂದು ಆ ವರ್ಷದ ಕೊನೆಗೆ ಕೈಬಿಟ್ರು.

ತಾತ್ಕಾಲಿಕ ಅಂತ ಬಂದು ಉಳಿದದ್ದೂ ಅದ, ಅದನ್ನೂ ಹೇಳಬೇಕು: ತತ್ತಿ. ಸಾಲೆ ಮುಚ್ಚಿದಾಗ ಬಿಸಿಯೂಟ ನಿಂತು, ಅಕ್ಕಿ ಬೇಳೆ ಮನೆಗೆ ಕೊಟ್ರು. ಸಾಲೆ ತೆರೆದ ಮ್ಯಾಲೆ 2021ರ ಡಿಸೆಂಬರ್ 1ರಿಂದ ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ, ವಿಜಯಪುರ ಸೇರಿಸಿ, ಮಕ್ಕಳಿಗೆ ತಿಂಗಳಿಗೆ 12 ತತ್ತಿ. ಯಾದಗಿರಿ ಜಿಲ್ಲೆಯ ಮಕ್ಕಳಲ್ಲಿ ಅಪೌಷ್ಟಿಕತೆ, ರಕ್ತಹೀನತೆ ಶೇ. 74 ಅಂತ ಸರ್ಕಾರವೇ ಲೆಕ್ಕ ಕೊಟ್ಟಿತ್ತು, ಎಲ್ಲಕ್ಕಿಂತ ಹೆಚ್ಚು. ಆದೇಶ ಇದ್ದದ್ದು ಆ ಶೈಕ್ಷಣಿಕ ವರ್ಷದ ಉಳಿದ ತಿಂಗಳಿಗೆ ಅಷ್ಟೇ. ಕೆಲವು ಮಠಾಧೀಶರು ಬೀದಿಗಿಳಿದ್ರು, ಸಾಲೆಯಲ್ಲಿ ತತ್ತಿ ಬ್ಯಾಡ ಅಂತ. ಯಾರ ಮನೆಯ ಮಕ್ಕಳ ಶೇ. 74 ಅಂತ ಅವರು ಕೇಳಲಿಲ್ಲ. ಕೊಪ್ಪಳದ ಗಂಗಾವತಿಯ ಒಬ್ಬ ಹುಡುಗಿ, ತತ್ತಿ ಕೊಡದಿದ್ರ ಮಠಕ್ಕೇ ಬಂದು ತಿಂತೀವಿ ಅಂದ ವಿಡಿಯೋ ಊರೂರು ಹರಿದಾಡಿತು. ತೂಕ, ಎತ್ತರ ಅಳೆದು ನೋಡಿದ್ರು, ತತ್ತಿ ತಿಂದ ಯಾದಗಿರಿ ಮಕ್ಕಳು ಬೆಳೆದಿದ್ರು. ಮುಂದಿನ ವರ್ಷ ತತ್ತಿ ಇಡೀ ರಾಜ್ಯಕ್ಕೆ ಹೋತು.

ಅಕ್ಕಿಗೆ ಆ ಭಾಗ್ಯ ಸಿಗಲಿಲ್ಲ. ಮೂರು ತಿಂಗಳ ಅಕ್ಕಿ ನವೆಂಬರ್‌ತನಕ ಬೆಳೀತು, ನಿಂತಿತು, ಎರಡನೇ ಅಲೆಯಲ್ಲಿ 2021ರ ಮೇಯಿಂದ ಮತ್ತೆ ಶುರು ಆಗಿ 2022ರ ಡಿಸೆಂಬರ್‌ಗೆ ಮುಗೀತು. ಒಟ್ಟು 28 ತಿಂಗಳು. 2023ರ ಜನವರಿ 1ರಿಂದ ಆಹಾರ ಭದ್ರತೆ ಕಾಯ್ದೆಯ ಧಾನ್ಯ ಪೂರ್ತಿ ಪುಕ್ಕಟೆ ಅಂತ ಕೇಂದ್ರದ ಜಾಹೀರಾತು ಬಂತು. ಕರ್ನಾಟಕದಾಗ ಅನ್ನಭಾಗ್ಯದ ಅಕ್ಕಿ 2015ರ ಮೇಯಿಂದಲೇ ಪುಕ್ಕಟೆ ಇತ್ತು! ನಮಗ ಆದದ್ದೇನಂದ್ರ, ಕರೋನಾದ ಹೆಚ್ಚುವರಿ 5 ಕೆಜಿ ಹೋತು. ಆ ಖಾಲಿ ಚೀಲದ ಮ್ಯಾಲೆ 2023ರ ಚುನಾವಣೆಯ 10 ಕೆಜಿ ಭರವಸೆ ನಿಂತದ್ದು. ಅದಕ್ಕ ಕೇಂದ್ರ ಅಕ್ಕಿ ಮಾರೋದಿಲ್ಲ ಅಂತು, ಕೆಜಿಗೆ 34 ರೂಪಾಯಿ ಲೆಕ್ಕದಾಗ ಹಣ ಬಂತು. ಮುಂದಿನದು ನಿಮಗ ಗೊತ್ತೇ ಅದ.

ಇನ್ನ ಕೊನೆಯದು. ಅದೇ 2020ರ ಜುಲೈ, ಸಭೆ ಸೇರಿದ್ರ ಕೇಸು, ನಾವು ಮಾಸ್ಕ್ ಹಾಕ್ಕೊಂಡು ಮನೆಯಲ್ಲಿ. ಆಗ ಸುಗ್ರೀವಾಜ್ಞೆಯಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಮು ತೆಗೆದ್ರು. ಕೃಷಿಕರಲ್ಲದವರು ಹೊಲ ಕೊಳ್ಳಬಾರದು ಅನ್ನೋ ಬೇಲಿ ಅದು. ಸೆಪ್ಟೆಂಬರ್ 28ರಂದು ರೈತರು, ದಲಿತರು, ಕಾರ್ಮಿಕರು ಒಟ್ಟಿಗೆ ರಾಜ್ಯ ಬಂದ್ ಮಾಡಿದ್ವಿ. ಡಿಸೆಂಬರ್‌ನಲ್ಲಿ ಮಸೂದೆ ಎರಡೂ ಸದನ ದಾಟಿತು. ನಾನು ಆ ಕಾಯ್ದೆಯನ್ನ ಗುಮಾಸ್ತನ ಕಣ್ಣಿಂದ ಎರಡು ಸಲ ಓದೀನಿ. ಅಕ್ಕಿಗೆ ಮೂರು ತಿಂಗಳು, ಬಸ್ಸಿಗೆ ಐದು ದಿನ, ತತ್ತಿಗೆ ಮಾರ್ಚ್‌ತನಕ ಅಂತ ಬರೆದ ಕೈಗಳೇ ಇದನ್ನೂ ಬರೆದದ್ದು. ಇದರಾಗ ‘ತಾತ್ಕಾಲಿಕ’ ಅನ್ನೋ ಪದ ಎಲ್ಲೂ ಇಲ್ಲ.

ನಿಮ್ಮ ಊರಲ್ಲಿ ಹೆಬ್ಬೆಟ್ಟಿಲ್ಲದೇ ಅಕ್ಕಿ ಕೊಟ್ಟ ಆ ದಿನಗಳ ರಸೀದಿ, ಫೋಟೋ ಯಾರ ಹತ್ರಾದ್ರೂ ಇದ್ರ ಜೋಪಾನ ಇಡ್ರಿ, ನನಗೂ ಒಂದು ಕಳಿಸ್ರಿ. ಮುಂದಿನ ಸಲ ತಹಶೀಲ್ದಾರರಿಗೆ ಮನವಿ ಕೊಡುವಾಗ ಜೋಡಿಸೋಣ.